ಆರಿಸುವುದು

ಸೊಲ್ಲಾಪುರದ ದವಾಖಾನೆಯಲ್ಲಿ ನನ್ನ ಕೆಲಸ
ಕೇಸ್ ಪೇಪರ್ ಬರೆಯುವುದು.
ಕನ್ನಡದವರು ಬಂದು ತಡವರಿಸಿದರೆ
ಹನ್ನೊಂದನೇ ಕೋಣೆಯಿಂದ ಕೂಗು ಬರುತ್ತದೆ,
ಎದ್ದು ಹೋಗಿ ನಡುವೆ ನಿಲ್ಲುತ್ತೇನೆ,
ಎರಡು ನಾಲಿಗೆಯವಳು.

ಇವತ್ತು ಮಲಕವ್ವ. ಅಕ್ಕಲಕೋಟೆ ಕಡೆಯವಳು,
ಈ ಊರಿಗೆ ಬಂದು ನಲವತ್ತು ವರ್ಷ ಬೀಡಿ ಕಟ್ಟಿದ್ದಾಳೆ.
ಸಂತೆಯ ಮರಾಠಿ ಬರುತ್ತದೆ ಅವಳಿಗೆ,
ರೋಗದ ಮರಾಠಿ ಬರುವುದಿಲ್ಲ.

ಮೇಜಿನ ಮೇಲೆ ಬಣ್ಣದ ತಟ್ಟೆಯ ಚಿತ್ರ.
ಕೇತಕಿ ಮೇಡಂ ಒಳ್ಳೆಯವರು, ದನಿ ಏರಿಸುವುದಿಲ್ಲ.
ಓಟ್ಸ್. ನಾಲ್ಕು ಬದಾಮಿ. ಮೊಳಕೆ ಕಾಳು.
ಸೋಯಾ ಹಾಲು, ಇಲ್ಲವೇ ಒಂದು ತತ್ತಿ.
ದಿನಕ್ಕೆರಡು ಹಣ್ಣು. ಬಿಳಿ ಅನ್ನ ಬಂದ್.
ಕೊನೆಗೆ ನಕ್ಕು, ಇಷ್ಟರಲ್ಲಿ
ನಿಮಗೆ ಬೇಕಾದದ್ದು ನಿವಡಾ, ಅಂದರು.

ನಾನು ಕನ್ನಡ ಮಾಡಿದೆ: ಆರಿಸ್ಕೋಬೇಕಂತ.
'ಅಕ್ಕೀನಾ?' ಅಂದಳು ಮಲಕವ್ವ,
'ದಿನಾ ಆರಸ್ತೀನಲ್ಲ.'

ಮರಾಠಿಯಲ್ಲೂ ಹಾಗೇ, ಕನ್ನಡದಲ್ಲೂ ಹಾಗೇ,
ಒಂದೇ ಮಾತು.
ಅಂಗಡಿಯೆದುರು ನಿಂತವರಿಗೆ ಒಂದು ಅರ್ಥ,
ಮೊರದೆದುರು ಕೂತವರಿಗೆ ಇನ್ನೊಂದು.
ರೇಷನ್ ಅಕ್ಕಿಯಲ್ಲಿ ಹರಳು, ಹುಳ, ಸುತಳಿಯ ಎಳೆ,
ಒಮ್ಮೆ ಯಾರದೋ ಅಂಗಿಯ ಗುಂಡಿ.
ಬೇಡದ್ದನ್ನು ತೆಗೆದು ಉಳಿದದ್ದನ್ನು ಬೇಯಿಸುವುದು.

ಕಾರಖಾನೆಯಲ್ಲಿ ಆರಿಸುವವನು ಬೇರೆ ಇದ್ದಾನೆ.
ಸಂಜೆ ಸಾವಿರ ಬೀಡಿ ಒಯ್ದರೆ
ನೋಡದೆಯೇ ನೋಡಿ ಒಗೆಯುತ್ತಾನೆ:
ಇದು ಸಡಿಲ, ಇದು ಗಿಡ್ಡ, ಇದರ ಎಲೆ ಹರಿದದ.
ಎಂಬತ್ತು ಹೋದವು, ಒಂದೊಂದು ದಿನ ನೂರೂ.
ಉಳಿದವಕ್ಕೆ ಕೂಲಿ.
ಅದರಲ್ಲಿ ಖೋಲಿ ಬಾಡಿಗೆ, ಸೊಸೆಯ ಬಸ್ ಪಾಸು, ಗುಳಿಗೆ.
ಮಿಕ್ಕರೆ ಮೆಂತೆಪಲ್ಯದ ಒಂದು ಸೂಡು,
ಅದೂ ಸಂಜೆಗೆ, ಬಾಡಿದ ಮೇಲೆ.

'ಜ್ವಾರಿ ಭಾಕರಿ ತಿನ್ನಲಿ' ಅಂದರು ಮೇಡಂ.
ಇದಕ್ಕೆ ನಾನು ಬೇಕಾಗಲಿಲ್ಲ.
'ಸಣ್ಣಾಕಿದ್ದಾಗ ಮೂರು ಹೊತ್ತೂ ಅದೇ ಇತ್ತವ್ವ,
ಮಾಲದಂಡಿ ಜೋಳದ ರೊಟ್ಟಿ, ಶೇಂಗಾ ಹಿಂಡಿ.
ಅವಾಗ ನಾವು ಬಡವರು.
ಈಗ ಜೋಳದ ರೇಟ್ ಕೇಳಿ ಬರ್ತೀನಿ, ಅಷ್ಟ.
ಅಕ್ಕಿ ಪುಕ್ಕಟ ಅದ. ಪುಕ್ಕಟ ಸಿಕ್ಕದ್ದು ಉಂಡೀನಿ,
ಸಕ್ಕರಿ ರೋಗಾನೂ ಪುಕ್ಕಟ ಬಂತು.'
ಮರಾಠಿ ಮಾಡುವಾಗ ಒಂದು ವಾಕ್ಯ ಬಿಟ್ಟೆ.
ಯಾವುದಂತ ಹೇಳುವುದಿಲ್ಲ.

ಹೊರಗೆ ಬೇವಿನ ಕೆಳಗೆ
ಗುಳಿಗೆಯ ಪಾಳಿಗೆ ಕಾಯುತ್ತ ಹೇಳಿದಳು:
ಹೋದ ಐತವಾರ ಕಾಲೇಜಿನ ಹುಡುಗಿಯೊಬ್ಬಳು
ಓಣಿಗೆ ಬಂದಿದ್ದಳಂತೆ, ಕೈಯಲ್ಲಿ ಕರುವಿನ ಚಿತ್ರ.
ಹಾಲು ಬಿಡ್ರಿ, ತುಪ್ಪ ಬಿಡ್ರಿ, ಮಸರೂ ಬ್ಯಾಡ.
'ಬಂಗಾರದಂಥ ಕೂಸು. ಕರುವಿನ ಮಾತು ಬಂದ್ರ
ಕಣ್ಣಾಗ ನೀರು. ಖರೇನ ಅದ ಆಕಿ ಅನ್ನೂದು,
ಆಕಳ ಹಾಲು ಕರುವಿಂದೇ.
ಆದ್ರ ಬಿಡಬೇಕಂದ್ರ ಮೊದಲ ಹಿಡದಿರಬೇಕಲ್ಲ?
ಕರೀ ಚಾ ಮಾಡಿ ಕೊಟ್ಟೆ.
ನೀವು ಆಗಲೇ ಬಿಟ್ಟೀರಿ! ಅಂತ
ಖುಷಿಯಾಗಿ ಕುಡದಳು.'

ತತ್ತಿಯ ಸುದ್ದಿಯನ್ನು ಮಾತ್ರ ಮೆಲ್ಲಗೆ ಹೇಳಿದಳು,
ಸೆರಗಿನೊಳಗೆ ಕೊರಳ ಲಿಂಗ ಮುಟ್ಟಿಕೊಂಡು.
ಮೊಮ್ಮಗ ರೇವಣಸಿದ್ಧ, ಎರಡನೇ ಇಯತ್ತೆ,
ಸಾಲೆಯಲ್ಲಿ ಕೊಟ್ಟದ್ದನ್ನು ಅರ್ಧ ತಿಂದು
ಅರ್ಧ ಚಡ್ಡಿಯ ಕಿಸೆಯಲ್ಲಿ ತಂದಿದ್ದ.
'ಆಯಿ, ತಿನ್ನು, ಶಕ್ತಿ ಬರ್ತದ.'
ಹಳದಿಯ ತುಂಬ ಪೆನ್ಸಿಲ್ ಕೆತ್ತಿದ ಹೊಟ್ಟು.

ಅರವತ್ತೆರಡು ವರ್ಷ ಮುಟ್ಟದೆ ಉಳಿಸಿಕೊಂಡದ್ದು.
ಬೇಡ ಅನ್ನಲಿಕ್ಕೆ ಅವಳ ಹತ್ತಿರ
ಅದೊಂದೇ ಇತ್ತು.

ಅಂಗೈ ಮೇಲಿಟ್ಟುಕೊಂಡು
ಬಾಗಿಲ ಬೆಳಕಿಗೆ ಹಿಡಿದು
ಹೊಟ್ಟನ್ನು ಒಂದೊಂದಾಗಿ ಆರಿಸಿ ತೆಗೆದಳು,
ಹುಡುಗನ ಬಾಯಿಗೇ ಇಟ್ಟಳು.
ಬಚ್ಚಲಿಗೆ ಹೋಗಿ ಮೂರು ಸಲ ಕೈ ತೊಳೆದಳು,
ಮೂಸಿ ನೋಡಿದಳು.

'ಬರೇ ತಂಬಾಕು ನಾರತಿತ್ತವ್ವ' ಅಂದಳು,
ಅಷ್ಟರಲ್ಲಿ ಅವಳ ನಂಬರ್ ಕೂಗಿದರು.